ಮಾಡೆಲ್ ಇಂಜಿನ್ನಿನ ಮುರಿದ ನಾಜೂಕು ಭಾಗಗಳ ದುರಸ್ತಿ: ಹ್ಯಾಂಡ್‌ರೇಲಿನಿಂದ ಪ್ಯಾಂಟೋವರೆಗೆ

ಮಾಡೆಲ್ ರೈಲಿನ ಇಂಜಿನ್ನಿನಲ್ಲಿ ಮೋಟರು ಸುಡುವುದು ಅಪರೂಪ, ಗೇರು ಸವೆಯಲು ವರ್ಷಗಳೇ ಬೇಕು. ಪದೇ ಪದೇ ಮುರಿಯುವುದು ಹ್ಯಾಂಡ್‌ರೇಲು, ಮೆಟ್ಟಿಲು, ಬ್ರೇಕ್ ಹೋಸು (ಬ್ರೇಕಿನ ಗಾಳಿ ಕೊಳವೆ), ಹಾರ್ನು, ಪ್ಯಾಂಟೋ (ವಿದ್ಯುತ್ ಇಂಜಿನ್ನಿನ ಛಾವಣಿಯ ಮೇಲೆ ಓವರ್‌ಹೆಡ್ ತಂತಿಗೆ ತಾಗುವ ಮಡಚುವ ತೋಳು). ಪೆಟ್ಟಿಗೆಯಿಂದ ತೆಗೆಯುವಾಗ ಬೆರಳು ತಾಗುತ್ತದೆ, ಹಳಿ ಮೇಲೆ ಇಡುವಾಗ ಅಂಗಿಯ ತೋಳು ಸಿಕ್ಕಿಕೊಳ್ಳುತ್ತದೆ. ಮುರಿದ ಕೂಡಲೇ ಕೈ ಹೋಗುವುದು ಫೆವಿಕ್ವಿಕ್ ಟ್ಯೂಬಿಗೆ. ಕೆಲಸ ಕೆಡುವುದೂ ಅಲ್ಲಿಯೇ.

ಯಾಕೆ ಎನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. 0.8 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಸರಳು ಮುರಿದರೆ ಅಂಟು ಹಿಡಿಯಲು ಸಿಗುವ ಜಾಗ ಅದರ ತುದಿ ಮಾತ್ರ, ಸುಮಾರು 0.5 ಚದರ ಮಿ.ಮೀ. ಅದೇ ಸರಳಿನೊಳಗೆ 0.3 ಮಿ.ಮೀ. ತಂತಿಯನ್ನು 2 ಮಿ.ಮೀ. ಆಳಕ್ಕೆ ಕೂರಿಸಿದರೆ ಅಂಟಿಗೆ ಸಿಗುವ ಮೈ 1.9 ಚದರ ಮಿ.ಮೀ. ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಡ್ಡ ಬೀಳುವ ಒತ್ತಡವನ್ನು ಅಂಟಿನ ಬದಲು ತಂತಿ ಹೊರುತ್ತದೆ. ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಎಳೆತ ತಡೆಯುತ್ತದೆ, ಬಾಗಿಸುವುದನ್ನು ತಡೆಯುವುದಿಲ್ಲ. ಹ್ಯಾಂಡ್‌ರೇಲಿಗೆ ಬೀಳುವುದೆಲ್ಲ ಬಾಗಿಸುವ ಒತ್ತಡವೇ. ಹಾಗಾಗಿ ಕೆಳಗಿನ ಎಲ್ಲ ಕೆಲಸಕ್ಕೂ ನಿಯಮ ಒಂದೇ: ತಂತಿ ಹಿಡಿಯಬೇಕು, ಅಂಟು ತಂತಿ ಜಾರದಂತೆ ನೋಡಿಕೊಂಡರೆ ಸಾಕು.

ಕೈ ಹಚ್ಚುವ ಮೊದಲು

ಮುರಿದ ತುಂಡು ಸಿಕ್ಕಿದ್ದರೆ ಚಿಕ್ಕ ಡಬ್ಬಿಯಲ್ಲಿ ಹಾಕಿ ಮುಚ್ಚಳ ಹಾಕಿ. ನೆಲಕ್ಕೆ ಬಿದ್ದಿದ್ದರೆ ಕಸಬರಿಗೆ ಹಿಡಿಯಬೇಡಿ. ಬಾಗಿಲು ಮುಚ್ಚಿ, ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದು ನೋಡಿದರೆ 2 ಮಿ.ಮೀ. ತುಂಡಿಗೂ ಉದ್ದ ನೆರಳು ಬೀಳುತ್ತದೆ. ಸ್ಪ್ರಿಂಗು ಇರುವ ಭಾಗ ಬಿಚ್ಚುವುದಾದರೆ ಇಂಜಿನ್ನನ್ನೂ ಕೈಗಳನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟೇ ಬಿಚ್ಚಬೇಕು. ಹಾರಿದ ಸ್ಪ್ರಿಂಗು ಚೀಲದಲ್ಲೇ ಉಳಿಯುತ್ತದೆ.

ಇಂಜಿನ್ ಮಲಗಿಸಲು ದಪ್ಪ ಫೋಮಿನಲ್ಲಿ ಇಂಗ್ಲಿಷ್ ‘ವಿ’ ಆಕಾರದ ಕೊರಕಲು ಕತ್ತರಿಸಿ, ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ. ಮೇಜಿನ ಮೇಲೆ ಒರಗಿಸಿ ಒಂದು ಕಡೆ ಸರಿಮಾಡುವಾಗ ಇನ್ನೊಂದು ಕಡೆಯ ಹ್ಯಾಂಡ್‌ರೇಲು ಮುರಿಯುವುದು ಬಹಳ ಸಾಮಾನ್ಯ.

ಇದು ಯಾವ ಪ್ಲಾಸ್ಟಿಕ್ಕು? ಉಪ್ಪು ನೀರು ಹೇಳುತ್ತದೆ

ಬಾಡಿ ಸಾಮಾನ್ಯವಾಗಿ ಎಬಿಎಸ್ ಅಥವಾ ಪಾಲಿಸ್ಟೈರೀನ್. ಬಾಗಿದರೂ ಮುರಿಯಬಾರದ ತೆಳು ಹ್ಯಾಂಡ್‌ರೇಲು, ಕಪ್ಲಿಂಗುಗಳನ್ನು (ಗಾಡಿಗಳನ್ನು ಜೋಡಿಸುವ ಕೊಂಡಿ) ಹಲವು ಕಂಪನಿಗಳು ಅಸಿಟಾಲ್ ಎಂಬ ಜಾರುವ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ಯುತ್ತವೆ. ಡೆಲ್ರಿನ್ ಎಂದು ಕರೆಯುವುದೂ ಇದನ್ನೇ. ಇದಕ್ಕೆ ಯಾವ ಅಂಟೂ ನೆಚ್ಚಿಕೊಳ್ಳುವಂತೆ ಹಿಡಿಯುವುದಿಲ್ಲ. ಗೊತ್ತಿಲ್ಲದೆ ಅಂಟಿಸಿದರೆ ಒಂದು ವಾರ ನಿಂತು ಮತ್ತೆ ಬೀಳುತ್ತದೆ.

ಪರೀಕ್ಷೆಗೆ ಎರಡು ಲೋಟ ಸಾಕು. ಒಂದರಲ್ಲಿ ಸಾದಾ ನೀರು. ಇನ್ನೊಂದರಲ್ಲಿ 100 ಮಿ.ಲೀ. ನೀರಿಗೆ 36 ಗ್ರಾಂ ಉಪ್ಪು, ಅಂದರೆ ಉಪ್ಪು ಇನ್ನು ಕರಗದೆ ತಳದಲ್ಲಿ ಉಳಿಯುವಷ್ಟು. ಎರಡಕ್ಕೂ ಒಂದೊಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಇಲ್ಲದಿದ್ದರೆ ತುಂಡಿಗೆ ಗಾಳಿಗುಳ್ಳೆ ಅಂಟಿ ಅದು ಸುಳ್ಳೇ ತೇಲುತ್ತದೆ. ಮುರಿದ ತುಂಡನ್ನು ಚಿಮುಟದಿಂದ ನೀರಿನೊಳಗೆ ಅದ್ದಿ ಬಿಡಿ.

ಸಾದಾ ನೀರಿನಲ್ಲೇ ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಅಂಟಿನ ಆಸೆ ಬಿಡಿ. ಸಾದಾ ನೀರಿನಲ್ಲಿ ಮುಳುಗಿ ಉಪ್ಪು ನೀರಿನಲ್ಲಿ ತೇಲಿದರೆ ಬಹುತೇಕ ಪಾಲಿಸ್ಟೈರೀನ್ ಅಥವಾ ಎಬಿಎಸ್, ಕೆಲಸ ಸುಲಭ. ಉಪ್ಪು ನೀರಿನಲ್ಲೂ ಮುಳುಗಿದರೆ ಅಸಿಟಾಲ್ ಎಂದು ತಿಳಿಯಿರಿ. ಅದರ ಸಾಂದ್ರತೆ 1.41, ಉಪ್ಪು ನೀರಿನದು 1.2. ದಪ್ಪ ಬಣ್ಣ ಬಳಿದ ಅಥವಾ ಲೋಹ ಸೇರಿದ ತುಂಡಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಅಸಿಟಾಲಿಗೆ ಬಿಸಿ ಸೂಜಿ, ಸೋಲ್ಡರಿಂಗ್ ಐರನ್ ಮುಟ್ಟಿಸಬೇಡಿ. ಸುಟ್ಟರೆ ಕಣ್ಣು ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ.

ಸಾಮಾನು ಎಲ್ಲಿ ಸಿಗುತ್ತದೆ

ಮಾಡೆಲ್ ರೈಲಿನ ಅಂಗಡಿ ಹುಡುಕಿಕೊಂಡು ಊರು ಸುತ್ತಬೇಕಾಗಿಲ್ಲ. ಬೇಕಾದದ್ದೆಲ್ಲ ಬೇರೆ ಕಸುಬಿನವರ ಹತ್ತಿರ ಇದೆ.

0.3ರಿಂದ 1 ಮಿ.ಮೀ. ಡ್ರಿಲ್ ಬಿಟ್ಟು, ಅದನ್ನು ಹಿಡಿಯುವ ಕೈಚಕ್ಕು, ಸೂಜಿ ಕಾನಸುಗಳನ್ನು ಪತ್ತಾರರ ಉಪಕರಣ ಮಾರುವ ಅಂಗಡಿಯಲ್ಲಿ ಕೇಳಿ. ಬೆಳಗಾವಿಯವರಿಗೆ ಉದ್ಯಮಬಾಗದ ಟೂಲ್ ಅಂಗಡಿಗಳೂ ಇವೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ಟನ್ನೇ ಕೊಳ್ಳಿ. ಸರ್ಕ್ಯೂಟ್ ಬೋರ್ಡಿಗೆ ಬಳಸುವ ಕಾರ್ಬೈಡ್ ಬಿಟ್ಟು ಅಗ್ಗ, ಹರಿತ, ಆದರೆ ಕೈಯಲ್ಲಿ ತಿರುಗಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಟಕ್ಕನೆ ಮುರಿದು ತೂತಿನಲ್ಲೇ ಉಳಿಯುತ್ತದೆ. ಸೂಕ್ಷ್ಮ ಚಿಮುಟ, ರೋಸಿನ್ ಪೇಸ್ಟು (ಬೆಸುಗೆ ಹಿಡಿಯಲು ಸವರುವ ಫ್ಲಕ್ಸ್), ಐಸೊಪ್ರೊಪೈಲ್ ಆಲ್ಕೊಹಾಲು ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿವೆ.

ತಂತಿಗೆ ಮೂರು ದಾರಿ. ಹಿತ್ತಾಳೆ ತಂತಿ ಎಲ್ಲಕ್ಕಿಂತ ಒಳ್ಳೆಯದು: ಬಾಗುತ್ತದೆ, ಬಾಗಿದಲ್ಲಿ ನಿಲ್ಲುತ್ತದೆ, ಬೆಸುಗೆ ಹಿಡಿಯುತ್ತದೆ. ಎರಡನೆಯದು ವಾದ್ಯದ ತಂತಿ. ಹಿಂದೂಸ್ತಾನಿ ಸಂಗೀತದ ಸೀಮೆಯಲ್ಲಿ ಇದಕ್ಕೆ ಬರವಿಲ್ಲ, ಮಿರಜಿನಲ್ಲಂತೂ ಸಿತಾರು ತಂಬೂರಿ ಮಾಡುವವರ ಓಣಿಗಳೇ ಇವೆ. ತಂಬೂರಿಯ ಉಕ್ಕಿನ ತಂತಿ ಸುಮಾರು 0.3 ಮಿ.ಮೀ. ದಪ್ಪ. ನೇರವಾದ ಉದ್ದ ಹ್ಯಾಂಡ್‌ರೇಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಚೂಪು ಮೂಲೆಗೆ ಬಾಗುವುದಿಲ್ಲ, ಸಣ್ಣ ಕಟರಿನ ಬಾಯಿ ಹಾಳುಮಾಡುತ್ತದೆ, ಬಣ್ಣ ಬಳಿಯದೆ ಬಿಟ್ಟರೆ ಬೆಳಗಾವಿಯ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಮೂರನೆಯದು ಮನೆಯ ವೈರಿಂಗಿನ ತಾಮ್ರದ ಎಳೆ. 0.75 ಚದರ ಮಿ.ಮೀ. ಫ್ಲೆಕ್ಸಿಬಲ್ ವೈರಿನೊಳಗಿನ ಒಂದೊಂದು ಎಳೆ ಸಾಮಾನ್ಯವಾಗಿ 0.2 ಮಿ.ಮೀ. ಇರುತ್ತದೆ. ತಾಮ್ರ ಮೆತ್ತಗೆ, ಹಾಗಾಗಿ ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ ಇನ್ನೊಂದನ್ನು ಇಕ್ಕಳದಿಂದ ನಿಧಾನ ಎಳೆಯಿರಿ. ಎಳೆ ತುಸು ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ತಂತಿ ನೇರವೂ ಆಗಿರುತ್ತದೆ, ಬಿರುಸೂ ಆಗಿರುತ್ತದೆ.

ಎಚ್‌ಓ, ಅಂದರೆ 1:87 ಅಳತೆಯಲ್ಲಿ, ನಿಜವಾದ ಇಂಜಿನ್ನಿನ 25ರಿಂದ 32 ಮಿ.ಮೀ. ಕೊಳವೆ 0.29ರಿಂದ 0.37 ಮಿ.ಮೀ. ಆಗುತ್ತದೆ. 0.3 ಅಥವಾ 0.35 ತಂತಿ ಸರಿ. 0.5 ಹಾಕಿದರೆ ಗಟ್ಟಿಯಾಗಿರುತ್ತದೆ, ಆದರೆ ನೋಡಲು ನೀರಿನ ಪೈಪು.

ಫೆವಿಕ್ವಿಕ್ಕನ್ನು ಟ್ಯೂಬಿನಿಂದ ನೇರ ಹಾಕಬೇಡಿ

ಟ್ಯೂಬಿನ ಒಂದು ಹನಿ ಈ ಕೆಲಸಕ್ಕೆ ಹತ್ತಾರು ಪಟ್ಟು ಹೆಚ್ಚು. ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಕಾನಸಿನಿಂದ ಉಜ್ಜಿ ತೆರೆಯಿರಿ, ಎರಡು ಹಲ್ಲಿನ ಕವಲಾಗುತ್ತದೆ. ಹನಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಿಟ್ಟು, ಕವಲನ್ನು ಅದರಲ್ಲಿ ಅದ್ದಿದರೆ ಹಲ್ಲುಗಳ ನಡುವೆ ಅಂಟಿನ ಒಂದು ತೆರೆ ನಿಲ್ಲುತ್ತದೆ. ಅದನ್ನು ತಂತಿ ತೂತಿನೊಳಗೆ ಇಳಿದಲ್ಲಿ ತಾಗಿಸಿದರೆ ಅಂಟು ತಾನೇ ಒಳಗೆ ಹೀರಿಕೊಳ್ಳುತ್ತದೆ. ಕವಲು ಕಟ್ಟಿಕೊಂಡಾಗ ಬೆಂಕಿಯಲ್ಲಿ ಸುಡದೆ ಬ್ಲೇಡಿನಿಂದ ಕೆರೆದು ತೆಗೆಯಿರಿ. ಹೊಗೆ ಬಲು ಖಾರ.

ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಹಾಗಾಗಿ ಊರೂರಿಗೆ ನಡತೆ ಬೇರೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಒಣ ಮಧ್ಯಾಹ್ನದಲ್ಲಿ ನಿಮಿಷಗಟ್ಟಲೆ ಹಸಿಯಾಗಿಯೇ ಇದ್ದು ತಾಳ್ಮೆ ಪರೀಕ್ಷಿಸುತ್ತದೆ. ಕೂಡಿಸುವ ಮುನ್ನ ಒಂದು ತುದಿಯ ಮೇಲೆ ‘ಹಾ’ ಎಂದು ಬಾಯುಸಿರು ಬಿಟ್ಟರೆ ಸಾಕು. ಬೆಳಗಾವಿಯ ಜುಲೈನಲ್ಲಿ ತೊಂದರೆ ಉಲ್ಟಾ: ಅಂಟಿನ ಆವಿ ಸುತ್ತಲ ಬಣ್ಣದ ಮೇಲೆ ಬಿಳಿ ಬೂದಿಯಂತೆ ಕೂರುತ್ತದೆ. ಅಂಟು ಕಡಿಮೆ ಹಾಕುವುದು, ಜೆಲ್ ಮಾದರಿ ಬಳಸುವುದು, ಫ್ಯಾನಿನ ಮೆಲುಗಾಳಿ ಬಿಡುವುದು ಇದಕ್ಕೆ ಉಪಾಯ. ಬಿಳಿ ಕೂತುಬಿಟ್ಟಿದ್ದರೆ ಬಣ್ಣದ ಕೆಲಸ ಮುಗಿದ ಮೇಲೆ ಬಳಿಯುವ ವಾರ್ನಿಷಿನಲ್ಲಿ ಬಹುಪಾಲು ಅಡಗುತ್ತದೆ. ಅಂಟು ತೆಗೆಯಲು ನೇಲ್ ಪಾಲಿಶ್ ರಿಮೂವರ್ ಹಚ್ಚಲೇಬೇಡಿ. ಅದರಲ್ಲಿರುವ ಅಸಿಟೋನು ಎಬಿಎಸ್, ಪಾಲಿಸ್ಟೈರೀನ್ ಎರಡನ್ನೂ ಕರಗಿಸುತ್ತದೆ.

ಹ್ಯಾಂಡ್‌ರೇಲು

ಡಬ್ಲ್ಯುಡಿಜಿ-4ರಂಥ ಡೀಸೆಲ್ ಇಂಜಿನ್ನಿನಲ್ಲಿ ಉದ್ದನೆಯ ಹುಡ್ಡಿನ (ಯಂತ್ರ ಮುಚ್ಚುವ ಕವಚ) ಎರಡೂ ಬದಿಗೆ ನಡೆದಾಡುವ ಅಂಚು, ಅದರ ಮೇಲೆ ಸಾಲುಗಂಬಗಳ ಹ್ಯಾಂಡ್‌ರೇಲು. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನ ಇಂಜಿನ್ನುಗಳನ್ನು ದಿನವೂ ನೋಡುವ ನಮ್ಮ ಕಡೆಯವರು ಮಾಡೆಲ್ ಕೊಳ್ಳುವಾಗಲೂ ಇವನ್ನೇ ಆರಿಸುತ್ತಾರೆ. ದುರಸ್ತಿಗೆ ಹೆಚ್ಚು ಬರುವುದೂ ಸಹಜವಾಗಿ ಈ ಹ್ಯಾಂಡ್‌ರೇಲುಗಳೇ.

ಮೊದಲು ತೀರ್ಮಾನ. ಮುರಿದ ಭಾಗ 0.8 ಮಿ.ಮೀ.ಗಿಂತ ದಪ್ಪವಿದ್ದರೆ ಒಳಗೆ ತಂತಿ ಕೂರಿಸಿ ಬೆಸೆಯಬಹುದು. ಅದಕ್ಕಿಂತ ತೆಳುವಿದ್ದರೆ ತೂತು ಕೊರೆದಾಗ ಗೋಡೆಯೇ ಉಳಿಯುವುದಿಲ್ಲ, ಆ ತುಂಡನ್ನು ಬಿಟ್ಟು ತಂತಿಯಲ್ಲಿ ಹೊಸದು ಮಾಡಿ. ಒಂದೇ ಬದಿಯಲ್ಲಿ ಮೂರು ಕಡೆ ಮುರಿದಿದ್ದರೆ ತೇಪೆ ಹಾಕುತ್ತ ಕೂರುವುದು ವ್ಯರ್ಥ. ಇಡೀ ಬದಿಯನ್ನು ತೆಗೆದು ಹೊಸದಾಗಿ ಕಟ್ಟುವುದೇ ಬೇಗ, ಚೆಂದವೂ ಹೌದು.

ಬೆಸೆಯುವ ಕ್ರಮ ಹೀಗೆ:

1. ಮುರಿದ ಎರಡೂ ತುದಿಗಳನ್ನು ಬ್ಲೇಡಿನಿಂದ ಸಮ ಮಾಡಿ. ಒಂದರ ನಟ್ಟನಡುವೆ ಸೂಜಿಯಿಂದ ಚುಚ್ಚಿ ಗುರುತು ಮಾಡಿ. ಈ ಕುಳಿ ಇಲ್ಲದಿದ್ದರೆ ಡ್ರಿಲ್ ಬಿಟ್ಟು ಜಾರುತ್ತದೆ.
2. 0.35 ಬಿಟ್ಟನ್ನು ಸಾಬೂನಿಗೆ ಒಮ್ಮೆ ತಾಗಿಸಿ, ಕೈಚಕ್ಕಿನಲ್ಲಿ ಬೆರಳಿನಿಂದಲೇ ತಿರುಗಿಸಿ. ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಪುಡಿ ಒರೆಸಿ. 2 ಮಿ.ಮೀ. ಆಳ ಸಾಕು. ಮೋಟರ್ ಡ್ರಿಲ್ಲು ಬೇಡ: ಪ್ಲಾಸ್ಟಿಕ್ ಕರಗಿ ಬಿಟ್ಟಿನ ಸುತ್ತ ಹೆಪ್ಪುಗಟ್ಟುತ್ತದೆ.
3. ಆ ತೂತಿನಲ್ಲಿ 0.3 ತಂತಿಯ ತುಂಡನ್ನು ಅಂಟಿಲ್ಲದೆ ತೂರಿಸಿ, ತುದಿ ಕಂಡೂ ಕಾಣದಷ್ಟು ಹೊರಗಿರಲಿ. ಅದಕ್ಕೆ ಬಣ್ಣ ತಾಗಿಸಿ, ಜೋಡಿ ತುಂಡನ್ನು ಸರಿಯಾಗಿ ಹಿಡಿದು ಒತ್ತಿ. ಬಿದ್ದ ಚುಕ್ಕೆಯಲ್ಲಿ ಎರಡನೆಯ ತೂತು ಕೊರೆಯಿರಿ.
4. ತಂತಿಯನ್ನು 3.5 ಮಿ.ಮೀ.ಗೆ ಕತ್ತರಿಸಿ. ಎರಡೂ ತೂತಿನ ಆಳ ಕೂಡಿಸಿದ್ದಕ್ಕಿಂತ ಅರ್ಧ ಮಿ.ಮೀ. ಕಡಿಮೆ ಇದ್ದರೆ ಸಂದಿ ಬಿಡದೆ ಕೂಡುತ್ತದೆ.
5. ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ. ಓರೆ ಇದ್ದರೆ ತಂತಿಯನ್ನು ಬಾಗಿಸಿ ಸರಿಮಾಡಿ, ಆಮೇಲೆ ಕವಲಿನಿಂದ ಅಂಟು ಮುಟ್ಟಿಸಿ.

ಹೊಸದಾಗಿ ಕಟ್ಟುವಾಗ ಹೆಚ್ಚು ಹೊತ್ತು ಹಿಡಿಯುವುದು ಕಂಬಗಳನ್ನು ಮಾಡುವಲ್ಲಿ. ಹಳೆಯ ಕಂಬದ ಬುಡ ಬಾಡಿಯ ತೂತಿನಲ್ಲಿ ಉಳಿದಿದ್ದರೆ ಹೊರಗಿನಿಂದ ಕೊರೆಯಬೇಡಿ. ಬಾಡಿ ಕಳಚಿ ಒಳಗಿನಿಂದ ಮೊಂಡು ಸೂಜಿಯಲ್ಲಿ ತಳ್ಳಿ. ಕಂಬಕ್ಕೆ 0.2 ತಂತಿಯ 30 ಮಿ.ಮೀ. ತುಂಡು ತೆಗೆದುಕೊಳ್ಳಿ. ಅದನ್ನು ಹ್ಯಾಂಡ್‌ರೇಲಿನ ತಂತಿಯ ಮೇಲೆ ಮಡಚಿ, ಎರಡೂ ಕಾಲುಗಳನ್ನು ಕೂಡಿಸಿ ಇಕ್ಕಳದಲ್ಲಿ ಹಿಡಿದು ಬಿಗಿಯಾಗಿ ಎಳೆಯಿರಿ. ಮೇಲೆ ಪುಟ್ಟ ಕುಣಿಕೆ, ಕೆಳಗೆ ಜೋಡಿ ಕಾಲು. ಈ ಜೋಡಿಯನ್ನು ಬಾಡಿಯ 0.45 ತೂತಿಗೆ ಇಳಿಸಬೇಕು. ಕಾಲು ಬೇರೆಬೇರೆಯಾಗಿ ಕಂಡರೆ ನಡುವೆ ಒಂದಿಷ್ಟು ಸೋಲ್ಡರು ಹರಿಸಿ, ಒಂದೇ ಕಂಬದಂತಾಗುತ್ತದೆ. ಇದನ್ನು ಬಾಡಿಗೆ ಕೂರಿಸುವ ಮುನ್ನವೇ ಮಾಡಿ.

ಎತ್ತರ ಒಂದೇ ಸಮ ಬರದಿದ್ದರೆ ಎಷ್ಟು ಶ್ರಮ ಹಾಕಿದರೂ ಹಾಳು. ಉಳಿದಿರುವ ಒಳ್ಳೆಯ ಕಂಬವೊಂದನ್ನು ಕ್ಯಾಲಿಪರಿನಲ್ಲಿ ಅಳೆದು, ಅಷ್ಟೇ ಅಗಲದ ರಟ್ಟಿನ ಪಟ್ಟಿ ಕತ್ತರಿಸಿ. ನಿಜದಲ್ಲಿ 1 ಮೀಟರ್ ಎತ್ತರದ ಹ್ಯಾಂಡ್‌ರೇಲು 1:87ರಲ್ಲಿ 11.5 ಮಿ.ಮೀ. ಪಟ್ಟಿಯನ್ನು ನಡೆದಾಡುವ ಅಂಚಿನ ಮೇಲೆ ನಿಲ್ಲಿಸಿ, ರೇಲನ್ನು ಅದರ ತಲೆಗೆ ತಾಗುವವರೆಗೆ ಇಳಿಸಿ, ಮೊದಲು ಎರಡೂ ಕೊನೆಯ ಕಂಬಗಳಿಗೆ ಅಂಟು ಹಾಕಿ. ನಡುವಿನವು ಆಮೇಲೆ. ಒಂದು ಕಡೆಯಿಂದ ಸಾಲಾಗಿ ಅಂಟಿಸುತ್ತ ಹೋದರೆ ಕೊನೆಗೆ ರೇಲು ಬಿಲ್ಲಿನ ಹಾಗೆ ಉಬ್ಬುತ್ತದೆ. ಕ್ಯಾಬಿನ ಬಾಗಿಲ ಪಕ್ಕದ ಸಣ್ಣ ಹಿಡಿಗಳಿಗೆ ಮದುವೆ ಆಮಂತ್ರಣದ ಕಾರ್ಡು ಒಳ್ಳೆಯ ಗೇಜು. ಸುಮಾರು 0.3 ಮಿ.ಮೀ. ದಪ್ಪದ್ದಾದರೆ ಮೂರು ಪದರ ಇಟ್ಟು ಹಿಡಿಯನ್ನು ಅದರ ಮೇಲೆ ಒತ್ತಿ ಒಳಗಿನಿಂದ ಅಂಟಿಸಿ. ಕಾರ್ಡಿಗೆ ಮೇಣ ಸವರಿದ್ದರೆ ಅಂಟಿಕೊಂಡು ಕೂರುವುದಿಲ್ಲ.

ಬ್ರೇಕ್ ಹೋಸು, ಮೆಟ್ಟಿಲು

ಹೋಸಿಗೆ ಗಿಟಾರಿನ ಸುತ್ತು ತಂತಿ ಬಳಸಿ. ಎಲೆಕ್ಟ್ರಿಕ್ ಗಿಟಾರಿನ ನಾಲ್ಕನೆಯ ತಂತಿ ಸುಮಾರು 0.6 ಮಿ.ಮೀ., ಮೇಲಿನ ಸುತ್ತು ನಿಜವಾದ ಹೋಸಿನಂತೆಯೇ ಕಾಣುತ್ತದೆ. ಕತ್ತರಿಸುವ ಜಾಗಕ್ಕೆ ಮೊದಲೇ ಒಂದು ಹನಿ ಸೂಪರ್ ಗ್ಲೂ ಹಾಕಿ ಒಣಗಲು ಬಿಡಿ. ಇಲ್ಲದಿದ್ದರೆ ಸುತ್ತೆಲ್ಲ ಬಿಚ್ಚಿಕೊಳ್ಳುತ್ತದೆ. ಬಫರ್ ಬೀಮಿನಲ್ಲಿ (ಇಂಜಿನ್ನಿನ ತುದಿಯ ಅಡ್ಡಪಟ್ಟಿ) 0.65 ತೂತು, 2 ಮಿ.ಮೀ. ಒಳಗೆ. ಇಂಜಿನ್ನನ್ನು ಓಡಿಸುವವರು ಕಪ್ಲಿಂಗ್ ಇರುವ ಕಡೆ ಹೋಸು ಹಾಕದಿರುವುದೇ ಲೇಸು. ತಿರುವಿನಲ್ಲಿ ಕಪ್ಲಿಂಗ್ ಹೊರಳಿ ಅದಕ್ಕೆ ಬಡಿಯುತ್ತದೆ, ಗಾಡಿ ಹಳಿ ತಪ್ಪುತ್ತದೆ.

ಮೆಟ್ಟಿಲು ಮುರಿದರೆ ಹಿಂದಿನಿಂದ ಎಲ್ ಆಕಾರದ ತಂತಿ ಕೊಡಿ: ಒಂದು ಕಾಲು ಚಾಸಿಯ ತೂತಿಗೆ, ಇನ್ನೊಂದು ಮೆಟ್ಟಿಲಿನ ಬೆನ್ನಿಗೆ ಉದ್ದಕ್ಕೂ ಅಂಟಿಕೊಂಡು. ಇಲ್ಲಿ ಫೆವಿಕ್ವಿಕ್ ಬದಲು ಅರಾಲ್ಡೈಟ್ ವಾಸಿ. ಎರಡೂ ಟ್ಯೂಬಿನಿಂದ ಸಮಪ್ರಮಾಣ ತೆಗೆದು ಪೂರ್ತಿ ಒಂದು ನಿಮಿಷ ಕಲಸಿ. ಅರೆಬರೆ ಕಲಸಿದ್ದು ಎಷ್ಟು ದಿನ ಬಿಟ್ಟರೂ ಜಿಗುಟಾಗಿಯೇ ಉಳಿಯುತ್ತದೆ.

ಪ್ಯಾಂಟೋ

ಮೊದಲ ಕೆಲಸ ಪ್ಯಾಂಟೋವನ್ನು ಛಾವಣಿಯಿಂದ ಬಿಚ್ಚುವುದು. ಸಾಮಾನ್ಯವಾಗಿ ಒಂದೇ ಸ್ಕ್ರೂ ಇರುತ್ತದೆ. ಛಾವಣಿಯ ಮೇಲೆಯೇ ಬೆಸುಗೆ ಹಾಕಲು ಹೋದರೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುವ ಪ್ಲಾಸ್ಟಿಕ್ಕಿಗೆ 183 ಡಿಗ್ರಿ ದಾಟಿದ ಮೇಲಷ್ಟೇ ಕರಗುವ 60/40 ಸೋಲ್ಡರಿನ ಬಿಸಿ ತಟ್ಟುತ್ತದೆ.

ತೋಳು ಹಿತ್ತಾಳೆಯದೋ ಅಲ್ಲವೋ ಎಂದು ಒಳಬದಿಯಲ್ಲಿ ಕೆರೆದು ನೋಡಿ. ಹಿತ್ತಾಳೆಯಾದರೆ ಬಣ್ಣ ಕೆರೆದು, ರೋಸಿನ್ ಪೇಸ್ಟ್ ಸವರಿ, 25 ವಾಟ್ ಐರನ್ನಿನಿಂದ ಎರಡು ಸೆಕೆಂಡಿನಲ್ಲಿ ಮುಗಿಸಿ. ಪಕ್ಕದ ಜಾಯಿಂಟುಗಳಿಗೆ ಒದ್ದೆ ಟಿಶ್ಯೂ ಸುತ್ತಿದ್ದರೆ ಅವು ಬಿಡುವುದಿಲ್ಲ. ರೇಡಿಯೇಟರ್ ಬೆಸುಗೆಯವರು ಬಳಸುವ ಆಸಿಡ್ ಫ್ಲಕ್ಸ್ ತರಬೇಡಿ, ಕೆಲವೇ ವಾರದಲ್ಲಿ ಹಸಿರು ಕಿಲುಬು ಏಳುತ್ತದೆ. ಬೆಳ್ಳಗೆ ಬೂದು ಬಣ್ಣದ ಎರಕದ ಭಾಗವಾದರೆ ಐರನ್ನು ದೂರವಿರಲಿ. ಅದು ಕಡಿಮೆ ಬಿಸಿಗೇ ಕರಗುವ ವೈಟ್‌ಮೆಟಲ್, ಕಣ್ಣೆದುರೇ ಹನಿಯಾಗಿ ಬೀಳುತ್ತದೆ, ಅದಕ್ಕೆ ಅರಾಲ್ಡೈಟೇ ಗತಿ.

ಮಡಚುವ ಜಾಯಿಂಟಿಗೆ ಸೋಲ್ಡರು ನುಗ್ಗದಂತೆ ಒಂದು ತೊಟ್ಟು ಎಣ್ಣೆ ಹಾಕಿಟ್ಟುಕೊಳ್ಳಿ. ಎಣ್ಣೆ ಇದ್ದಲ್ಲಿ ಸೋಲ್ಡರು ಹಿಡಿಯುವುದಿಲ್ಲ. ಕಳೆದ ಸ್ಪ್ರಿಂಗಿಗೆ ಬದಲು ಸಿಕ್ಕ ಸ್ಪ್ರಿಂಗನ್ನೆಲ್ಲ ಹಾಕಬೇಡಿ. ಬಿಗಿ ಹೆಚ್ಚಾದರೆ ಪ್ಯಾಂಟೋ ಓವರ್‌ಹೆಡ್ ತಂತಿಯನ್ನು ಮೇಲೆತ್ತಿ ಮತ್ತೆ ತಾನೇ ಮುರಿಯುತ್ತದೆ.

ಉಗಿ ಇಂಜಿನ್ನಿನ ರಾಡುಗಳು

ಗದಗ–ಹೊಟಗಿ ಮಾರ್ಗದ ಮೀಟರ್‌ಗೇಜ್ ಕಾಲದ ನೆನಪಿಗೆ ವೈಪಿ ಎಂಬ ಉಗಿ ಇಂಜಿನ್ನಿನ ಮಾಡೆಲ್ ಇಟ್ಟುಕೊಂಡವರು ಒಂದು ಮಾತು ಗಮನಿಸಿ: ಬಾಗಿದ ಕನೆಕ್ಟಿಂಗ್ ರಾಡನ್ನು ಇಂಜಿನ್ನಿನ ಮೇಲೆ ಇದ್ದಹಾಗೆ ನೆಟ್ಟಗೆ ಮಾಡಬೇಡಿ. ರಾಡನ್ನು ಗಾಲಿಗೆ ಕೂಡಿಸುವ ಕ್ರ್ಯಾಂಕ್ ಪಿನ್ ಸಡಿಲಾಗುತ್ತದೆ, ಎರಡೂ ಬದಿಯ ಗಾಲಿಗಳ ನಡುವಿನ 90 ಡಿಗ್ರಿ ಕೋನ ತಪ್ಪುತ್ತದೆ, ಆಮೇಲೆ ಇಂಜಿನ್ನು ಕುಂಟುತ್ತದೆ. ರಾಡು ಕಳಚಿ, ಚಪ್ಪಟೆ ಬಾಯಿಯ ಇಕ್ಕಳದ ಹಲ್ಲಿಗೆ ರಟ್ಟು ಕೊಟ್ಟು ಒತ್ತಿ. ಸಡಿಲ ರಿವೆಟ್ಟಿಗೆ ಅಂಟು ಎಂದೂ ಬೇಡ, ರಾಡೇ ಕಚ್ಚಿಕೊಳ್ಳುತ್ತದೆ.

ಚಾಸಿಯ ಜಿಂಕ್ ಎರಕದಲ್ಲಿ ಜೇಡರ ಬಲೆಯಂಥ ಬಿರುಕು, ಉಬ್ಬು ಕಂಡರೆ ಅದು ಲೋಹದೊಳಗಿನ ಕಲಬೆರಕೆಯಿಂದ ಬರುವ ರೋಗ. ದುರಸ್ತಿಯಿಲ್ಲ, ಚಾಸಿಯನ್ನೇ ಬದಲಿಸಬೇಕು.

ಗಾಜು, ಬಣ್ಣ

ಕಿಟಕಿ ಗಾಜಿಗೆ, ಹೆಡ್‌ಲೈಟಿನ ಲೆನ್ಸಿಗೆ ಸೂಪರ್ ಗ್ಲೂ ತಾಗಿಸಬೇಡಿ, ಮಂಜಾಗುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಫೆವಿಕಾಲ್ ಸಾಕು. ಬಾಡಿಯೊಳಗೆ ಬೇರೇನಾದರೂ ಸೂಪರ್ ಗ್ಲೂ ಹಾಕಿದ್ದರೂ ಒಂದು ರಾತ್ರಿ ಬಿಚ್ಚಿಟ್ಟೇ ಇರಲಿ. ಮುಚ್ಚಿದರೆ ಆವಿ ಒಳಗಿನಿಂದ ಗಾಜಿಗೆ ಕೂರುತ್ತದೆ.

ಹಿತ್ತಾಳೆ ತಂತಿಯ ಮೇಲೆ ನೇರ ಬಣ್ಣ ಹಿಡಿಯದು. 600 ನಂಬರ್ ಪಾಲಿಶ್ ಪೇಪರಿನಿಂದ ಉಜ್ಜಿ, ಐಸೊಪ್ರೊಪೈಲಿನಿಂದ ಒರೆಸಿ, ಲೋಹದ ಪ್ರೈಮರು ಬಳಿದು 24 ಗಂಟೆ ಬಿಟ್ಟು ಬಣ್ಣ ಹಚ್ಚಿ. ಬಣ್ಣ ಹೊಂದಿಸುವಾಗ ಹಸಿಯಲ್ಲಿ ನೋಡಿ ನಿರ್ಧರಿಸಬೇಡಿ. ಪ್ಲಾಸ್ಟಿಕ್ ಚಮಚದ ಮೇಲೆ ಬಳಿದು ಒಣಗಿಸಿ, ಇಂಜಿನ್ನಿನ ಪಕ್ಕಕ್ಕೆ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಮಳೆ ಹಿಡಿದ ದಿನ ಸ್ಪ್ರೇ ಮಾಡಿದ ವಾರ್ನಿಷು ಬಿಳಚಿಕೊಳ್ಳುತ್ತದೆ, ಬೆಳಗಾವಿಯಲ್ಲಿ ಬಿಸಿಲು ಬಿದ್ದ ದಿನಕ್ಕೆ ಕಾಯಲೇಬೇಕು. ವಿಜಯಪುರದ ಮೇ ತಿಂಗಳಲ್ಲಿ ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ. ಬೆಳಿಗ್ಗೆ ಏಳರೊಳಗೆ ಫ್ಯಾನು ಆರಿಸಿ ಕೂತರೆ ಕೆಲಸ ಆಗುತ್ತದೆ.

ಓಡಿಸಿ ನೋಡುವುದು, ಎತ್ತಿಡುವುದು

ಬಣ್ಣ ಒಣಗಿದ ಮೇಲೆ ನಿಮ್ಮಲ್ಲಿರುವ ಅತಿ ಬಿಗಿ ತಿರುವಿನಲ್ಲಿ, ಉದಾಹರಣೆಗೆ 438 ಮಿ.ಮೀ. ತ್ರಿಜ್ಯದ ಹಳಿಯಲ್ಲಿ, ಎರಡೂ ದಿಕ್ಕಿಗೆ ನಿಧಾನ ಓಡಿಸಿ. ಬೋಗಿ (ಇಂಜಿನ್ನಿನ ಕೆಳಗೆ ಹೊರಳುವ ಗಾಲಿಗಳ ಚೌಕಟ್ಟು) ಮೆಟ್ಟಿಲಿಗೆ ತಾಗಿದರೆ ಹೊಳೆಯುವ ಗೆರೆ ಬೀಳುತ್ತದೆ, ಅಲ್ಲಿ ಹಿಂಬದಿಯನ್ನು ಕಾನಸಿನಿಂದ ತೆಳ್ಳಗೆ ಮಾಡಿ. ಎತ್ತುವಾಗ ಹ್ಯಾಂಡ್‌ರೇಲು ಇರುವ ಪಕ್ಕ ಬಿಟ್ಟು, ಕೆಳಗಿನ ಇಂಧನ ಟ್ಯಾಂಕಿನ ಜಾಗದಲ್ಲಿ ಹಿಡಿಯುವ ರೂಢಿ ಮಾಡಿಕೊಳ್ಳಿ.

ಎತ್ತಿಡಲು ತೆಳು ಪಾಲಿಥೀನ್ ಹಾಳೆ ಸುತ್ತಿ. ಪಿವಿಸಿ ಹಾಳೆ, ರಬ್ಬರ್ ಬ್ಯಾಂಡು ತಾಗಿಕೊಂಡಿದ್ದರೆ ಅವುಗಳಿಂದ ಒಸರುವ ಎಣ್ಣೆ ಬಣ್ಣವನ್ನು ಮೆತ್ತಗೆ ಮಾಡಿ ಕಲೆ ಬಿಡುತ್ತದೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಇಂಜಿನ್ ಬಿಟ್ಟು ಹೋಗಬೇಡಿ. ಹೊರಗೆ 40 ಡಿಗ್ರಿ ಇದ್ದರೆ ಒಳಗೆ 60 ದಾಟುತ್ತದೆ, ತೆಳು ಪ್ಲಾಸ್ಟಿಕ್ ಸರಳು ಸೊಟ್ಟಗಾಗಲು ಅಷ್ಟು ಸಾಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವೊಂದು ಇರಲಿ, ಬೆಳಗಾವಿಯಲ್ಲಾದರೆ ಜೂನ್ ಬರುವ ಮುನ್ನ ಅದನ್ನು ಬದಲಿಸಿ.